ಉದ್ದೇಶಿತ ನಾಲ್ಕನೇ ಹಂತ

ಬೆಳ್ಳಕ್ಕಿಕೆರೆ ಬಡಾವಣೆ
ಹಂಚಿಕೆ ಶಕೆ ಮುನ್ನೂರ ಹನ್ನೊಂದು, ಬಣ್ಣದ ತಿಂಗಳು, ಮೂವತ್ತಮೂರನೆಯ ದಿನ

ನಮಗಿಂತ ಮೊದಲು ಇಲ್ಲಿದ್ದವರಿಗೆ,

ಈ ತಾರೀಖು ನಿಮ್ಮ ಲೆಕ್ಕಕ್ಕೆ ಸಿಕ್ಕುವುದಿಲ್ಲ, ಕ್ಷಮಿಸಿ. ಬಡಾವಣೆಯ ಬೋರ್ಡುಗಳಿಗೆಲ್ಲ ವರ್ಷಕ್ಕೊಮ್ಮೆ ಬಣ್ಣ ಹೊಡೆಯುವ ತಿಂಗಳನ್ನು ನಾವು ಬಣ್ಣದ ತಿಂಗಳು ಎನ್ನುತ್ತೇವೆ. ಕೊನೆಯ ಬೋರ್ಡು ಒಣಗುವವರೆಗೆ ಅದು ಮುಗಿಯುವುದಿಲ್ಲ. ಈ ವರ್ಷ ಮೋಡ ಹೆಚ್ಚು, ಹಾಗಾಗಿ ಮೂವತ್ತಮೂರು. ಹಂಚಿಕೆ ಎಂದರೆ ನೀವು ಈ ನೆಲವನ್ನು ತುಂಡು ಮಾಡಿ, ಚೀಟಿ ಎತ್ತಿ, ಒಬ್ಬೊಬ್ಬರಿಗೆ ಒಂದೊಂದು ಕೊಟ್ಟ ದಿನ. ನಮ್ಮ ಕಾಲ ಅಲ್ಲಿಂದ ಶುರುವಾಗುತ್ತದೆ. ಅದಕ್ಕೂ ಮುಂಚೆ ಕಾಲ ಇತ್ತೇ ಎಂದು ಮಕ್ಕಳು ಕೇಳುತ್ತಾರೆ. ಕೆರೆ ಇತ್ತು ಎಂದು ಹೇಳುತ್ತೇವೆ.

ನನ್ನ ಮಾತು ನಿಮಗೆ ತೀರ ಸರ್ಕಾರಿಯಾಗಿ ಕೇಳಿಸಬಹುದು. ನಿಮ್ಮ ಬರಹದಲ್ಲಿ ನಮಗೆ ಉಳಿದು ಬಂದದ್ದು ಬೋರ್ಡುಗಳ ಮೇಲಿನದಷ್ಟೇ. ಕಾಗದವನ್ನು ಗೆದ್ದಲು ತಿಂದಿತು, ಗೆದ್ದಲು ಬಿಟ್ಟದ್ದನ್ನು ನಮ್ಮ ಮುತ್ತಜ್ಜಿಯರು ಒಲೆಗೆ ಹಾಕಿದರು. ತಗಡು ಉಳಿಯಿತು. ಆದ್ದರಿಂದ ನಾನೂ ತಗಡಿನ ಮೇಲೆಯೇ ಬರೆಯುತ್ತಿದ್ದೇನೆ. ಬಣ್ಣಕ್ಕೆಂದು ಕಂಬದಿಂದ ಇಳಿಸಿ ತಂದ ನಾಲ್ಕನೇ ಹಂತದ ದೊಡ್ಡ ಬೋರ್ಡು ನನ್ನ ಅಂಗಳದಲ್ಲಿ ಬೋರಲು ಮಲಗಿದೆ. ಅದರ ಬೆನ್ನಿನ ಮೇಲೆ, ಸಣ್ಣ ಕುಂಚದಲ್ಲಿ, ಈ ಓಲೆ. ಬೋರ್ಡು ಬರೆಯುವುದು ನನ್ನ ಕೆಲಸ. ಹೆಸರು ಮಾದೇವ.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನಾಳೆ ಬೆಳಿಗ್ಗೆ ಈ ಬೋರ್ಡನ್ನು ಮತ್ತೆ ನೆಡುತ್ತಾರೆ. ನೆಟ್ಟ ಕೂಡಲೇ ನನ್ನ ಅಕ್ಕ ಚೆಲುವಮ್ಮನನ್ನು ಇದರ ಆಚೆಗೆ, ನಾಲ್ಕನೇ ಹಂತಕ್ಕೆ, ಕಳಿಸುತ್ತಾರೆ. ಅಲ್ಲಿಗೆ ಹೋದವರು ಯಾರೂ ತಿರುಗಿ ಬಂದಿಲ್ಲ. ಅಲ್ಲಿ ಏನಿದೆ ಎಂಬುದು ಗೊತ್ತಿರಬೇಕಾದವರು ನೀವು, ಏಕೆಂದರೆ ಆ ಹೆಸರಿಟ್ಟವರು ನೀವು.

ನಿಮ್ಮ ಕಾಲದಲ್ಲಿ ಹಂತ ಎಂಬ ಮಾತಿಗೆ ಏನರ್ಥವಿತ್ತೋ. ನಮಗೆ ಹಂತ ಎಂದರೆ ವಯಸ್ಸು. ಹಾಲುಹಲ್ಲು ಬಿದ್ದ ಮಕ್ಕಳು ಮೊದಲನೇ ಹಂತಕ್ಕೆ ಹೋಗುತ್ತಾರೆ. ಅಲ್ಲಿ ಹೆಂಚಿನ ಸಣ್ಣ ಮನೆಗಳಿವೆ, ಬೇಲಿಯಿಲ್ಲ, ದೊಡ್ಡವರು ಚಿಕ್ಕವರನ್ನು ಸಾಕುತ್ತಾರೆ. ಮದುವೆಯಾದವರು ಎರಡನೇ ಹಂತಕ್ಕೆ ಬರುತ್ತಾರೆ. ಇಲ್ಲಿ ತಾರಸಿ ಮನೆಗಳು, ಪ್ರತಿ ಮನೆಯ ಪಕ್ಕದಲ್ಲೂ ಸೆಟ್‌ಬ್ಯಾಕು. ಗೋಡೆಗೂ ಕಾಂಪೌಂಡಿಗೂ ನಡುವೆ ನೀವು ಯಾಕೋ ಬಿಟ್ಟ ಆ ಸಂದಿಯಲ್ಲಿ ನಾವು ಬಾಳೆ ಬೆಳೆಯುತ್ತೇವೆ. ತಲೆ ನರೆತವರು, ಮೊಮ್ಮಕ್ಕಳ ಮುಖ ಕಂಡವರು ಮೂರನೇ ಹಂತದ ಮಾಳಿಗೆ ಮನೆಗಳಿಗೆ ಏರುತ್ತಾರೆ. ಹೀಗೆ ಮನೆ ಬಿಟ್ಟು ಮನೆಗೆ ಹೋಗುವುದಕ್ಕೆ ಹಂತಾಂತರ ಎಂದು ಹೆಸರು. ಹೊಸ ಮನೆಯ ಒಲೆಯ ಮೇಲೆ ಹಾಲು ಉಕ್ಕಿಸುತ್ತೇವೆ. ಉಕ್ಕಿ ಒಲೆಗೆ ಸುರಿದರೆ ಅದು ಮನೆಯಾಯಿತು. ಅಲ್ಲಿಯವರೆಗೆ ಅದು ಬರೀ ಗೋಡೆ. ಇದನ್ನು ನಿಮ್ಮಿಂದಲೇ ಕಲಿತೆವು ಎನ್ನುತ್ತಾರೆ.

ಬದುಕಿಗೆ ನಾಲ್ಕು ಹಂತ ಎಂಬುದು ನಮಗೆ ಎಷ್ಟು ಸಹಜವೆಂದರೆ, ಬೇರೆ ಥರ ಬದುಕಿದವರು ಇದ್ದರು ಎಂದು ಊಹಿಸುವುದೂ ಕಷ್ಟ. ನಾಲ್ಕು ಬಗೆಯ ಬಾಳು ಎಂಬ ಹಳೆಯ ಮಾತೊಂದು ಜನರ ನೆನಪಿನಲ್ಲಿ ಮೊದಲೇ ಇತ್ತಂತೆ: ಕಲಿಯುವುದು, ಸಂಸಾರ ಮಾಡುವುದು, ದೂರ ಸರಿಯುವುದು, ಎಲ್ಲ ಬಿಟ್ಟು ಹೋಗುವುದು. ಜನ ಗುಂಪುಗುಂಪಾಗಿ ಬಿಟ್ಟುಹೋದ ಮಹಾಬಿಡುವಿನಲ್ಲಿ ಊರು ಖಾಲಿಯಾಗಿ, ಹೋಗಲು ಬೇರೆಲ್ಲೂ ಇಲ್ಲದವರು ಈ ಬಡಾವಣೆಯಲ್ಲಿ ಉಳಿದರಲ್ಲ, ಅವರು ರಸ್ತೆಯ ತುದಿಗಳಲ್ಲಿ ಬೋರ್ಡು ನೋಡಿದರು. ಒಂದನೇ ಹಂತ, ಎರಡನೇ ಹಂತ. ಎಷ್ಟೊಂದು ಮುಂದಾಲೋಚನೆಯ ಜನ, ಬದುಕುವ ಕ್ರಮವನ್ನೇ ನೆಲದ ಮೇಲೆ ಗೀಟೆಳೆದು ಹೋಗಿದ್ದಾರಲ್ಲ ಎಂದು ಕೈ ಮುಗಿದರು. ಅವರನ್ನು ನಾನು ಬೈಯಲಾರೆ. ಗಾಬರಿಯಲ್ಲಿರುವವರಿಗೆ ಬೋರ್ಡು ಕಂಡರೆ ಜೀವ ಬಂದಂತಾಗುತ್ತದೆ.

ಉಳಿದದ್ದನ್ನೂ ಹಾಗೆಯೇ ಓದಿಕೊಂಡೆವು. ಒಂದೇ ಕ್ರಾಸಿನವರು ಅಣ್ಣತಂಗಿಯರು, ಅವರೊಳಗೆ ಮದುವೆಯಿಲ್ಲ. ಹೆಣ್ಣು ಕೇಳಲು ಬಂದವರು ಮೊದಲು ಕೇಳುವುದೇ "ಯಾವ ಕ್ರಾಸು?" ಎಂದು. ಎರಡು ರಸ್ತೆ ಸೇರುವ ಕಡೆ ಮನೆಯಿರುವವರು ಎರಡೂ ಕಡೆಯ ಸಂಗತಿ ನೋಡಬಲ್ಲರು; ಅದಕ್ಕೇ ನ್ಯಾಯ ಹೇಳುವುದು ಮೂಲೆಮನೆಯವರು. ಬೆಳಿಗ್ಗೆ ಎದ್ದು ಪಾರ್ಕಿನ ಸುತ್ತ ಬಲಕ್ಕೆ ತಿರುಗುವ ಪ್ರದಕ್ಷಿಣೆಗೆ ವಾಕಿಂಗು ಎಂದು ಹೆಸರು. ನಡುವೆ ಯಾವ ದೇವರಿತ್ತೋ ತಿಳಿಯದು. ತುಕ್ಕು ಹಿಡಿದ ಜಾರುಬಂಡೆಯೊಂದಿದೆ, ಅದಕ್ಕೇ ಹೂವಿಡುತ್ತೇವೆ. ಮಳೆಗಾಲದಲ್ಲಿ ಮೂರನೇ ಹಂತದ ನೆಲಮಾಳಿಗೆಯಿಂದ ಕಪ್ಪೆಗಳು ಹೊರಬಂದು ರಸ್ತೆಯಲ್ಲಿ ಸಾಲುಗಟ್ಟುತ್ತವೆ. ಅವು ನಮ್ಮನ್ನು ಕಂಡು ಸರಿಯುವುದಿಲ್ಲ. ಅವುಗಳ ಹತ್ತಿರ ಹಳೆಯ ಹಕ್ಕುಪತ್ರವಿದೆ ಎಂದು ನನ್ನ ಅಕ್ಕ ನಗುತ್ತಿದ್ದಳು.

ನಮ್ಮ ಕಾನೂನೆಲ್ಲ 'ಲಾಗುವುದು' ಎಂದು ಮುಗಿಯುತ್ತದೆ. ಕಸ ಹಾಕಿದರೆ ದಂಡ ವಿಧಿಸಲಾಗುವುದು. ಅತಿಕ್ರಮ ಪ್ರವೇಶ ಮಾಡಿದವರನ್ನು ಶಿಕ್ಷಿಸಲಾಗುವುದು. ಯಾರು ವಿಧಿಸುತ್ತಾರೆ, ಯಾರು ಶಿಕ್ಷಿಸುತ್ತಾರೆ ಎಂದು ನೀವು ಬರೆಯಲಿಲ್ಲ. ಹೆಸರಿದ್ದಿದ್ದರೆ ಆ ಹೆಸರಿನವನು ಸತ್ತ ದಿನ ಭಯವೂ ಸಾಯುತ್ತಿತ್ತು. ಹೆಸರಿಲ್ಲದ್ದರಿಂದ ಅದು ಮುನ್ನೂರು ವರ್ಷ ಬಾಳಿತು.

ಅತಿಕ್ರಮ ಪ್ರವೇಶದ ಆ ಬೋರ್ಡು ಇರುವುದು ರಾಜಕಾಲುವೆಯ ಮೋರಿಯ ಮೇಲೆ. ಕಾಲುವೆಯಲ್ಲಿ ನೀರಿಲ್ಲ, ಹೆಸರಷ್ಟೇ ಹರಿಯುತ್ತದೆ. ಅದರಾಚೆ ನಾಲ್ಕನೇ ಹಂತ. ಈಚೆಯಿಂದ ನೋಡಿದರೆ ಕಾಣುವುದು ಜಾಲಿಯ ಪೊದೆ, ಪೊದೆಗಳ ನಡುವೆ ಮೊಣಕಾಲೆತ್ತರದ ಕಲ್ಲುಗಳು, ಕಲ್ಲುಗಳ ಮೇಲೆ ಅಂಕಿ. ಮನೆ ಕಾಣುವುದಿಲ್ಲ. ಕಾಣಬಾರದು ಎಂದೇ ಹಿರಿಯರು ಹೇಳುತ್ತಾರೆ. ಈಗ ನನ್ನ ಮೊಣಕೈ ಕೆಳಗಿರುವ ಈ ಬೋರ್ಡಿನ ಮುಖದ ಮೇಲೆ ಇಷ್ಟು ವರ್ಷ ಇದ್ದದ್ದು 'ಉದ್ದೇಶಿತ ನಾಲ್ಕನೇ ಹಂತ'. ಬೇರೆ ಯಾವ ಹಂತಕ್ಕೂ ಆ ವಿಶೇಷಣವಿಲ್ಲ. ಮಕ್ಕಳಿಗೆ ನಾವು ಅರ್ಥ ಹೇಳಿಕೊಡುವುದು ಹೀಗೆ: ಉಳಿದ ಮೂರು ದಾರಿ, ನಾಲ್ಕನೆಯದು ಬದುಕಿನ ಉದ್ದೇಶ.

ಅಲ್ಲಿಗೆ ಹೋಗುವ ಹೊತ್ತು ಬಂತೆಂದು ತಿಳಿಸುವುದು ಮೂರನೇ ಹಂತದ ಮೆಟ್ಟಿಲು. ನಿಮ್ಮ ಕಾಲದಲ್ಲಿ ಆ ಮಾಳಿಗೆಗಳಿಗೆ ಜನರನ್ನು ಎತ್ತುವ ಪೆಟ್ಟಿಗೆಗಳಿದ್ದವಂತೆ. ಈಗ ಆ ಕೊರಕಲುಗಳಲ್ಲಿ ಪಾರಿವಾಳಗಳಿವೆ. ನೀರಿನ ಕೊಡ ಹಿಡಿದು ತನ್ನ ಮನೆಯವರೆಗೆ ನಿಲ್ಲದೆ ಹತ್ತಲಾರದವರು ಮೆಟ್ಟಿಲು ತಪ್ಪಿದವರು. ಆದ್ದರಿಂದ ಮೂರನೇ ಹಂತದ ಮುದುಕರು ನಡುದಾರಿಯಲ್ಲಿ ನಿಂತು ಮಾತಾಡುವುದನ್ನು ಕಲಿತಿದ್ದಾರೆ. ಕೊಡ ಸೊಂಟದಲ್ಲಿಟ್ಟುಕೊಂಡೇ, ಏದುಸಿರನ್ನು ನಗುವಿನೊಳಗೆ ಅಡಗಿಸಿ, "ಏನ್ರೀ ಸಾರು ಇವತ್ತು?" ಎನ್ನುತ್ತಾರೆ. ಸಾರಿನ ವಿವರ ಎಷ್ಟು ಉದ್ದವಾದರೆ ಅಷ್ಟು ಒಳ್ಳೆಯದು. ನಿಂತು ಮಾತಾಡಿದರೆ ತಪ್ಪಿಲ್ಲ. ಕೂತರೆ ತಪ್ಪು. ಈ ಬೇಸಿಗೆಯಲ್ಲಿ ನನ್ನ ಅಕ್ಕ ಕೂತಳು. ಮಂಡಿ ಹಿಡಿಯಿತಂತೆ. ಮೇಲಿನಿಂದ ಇಳಿದು ಬಂದ ಒಬ್ಬಾಕೆ ನೋಡಿದಳು, ನೋಡಿದ್ದನ್ನು ಮೂಲೆಮನೆಗೆ ಹೇಳಿದಳು. ಹೇಳದಿದ್ದರೆ ಅವಳದೂ ತಪ್ಪಾಗುತ್ತಿತ್ತು.

ಅಕ್ಕ ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವಳು. ಹಲ್ಲು ಬಿದ್ದು ಮೊದಲನೇ ಹಂತಕ್ಕೆ ಬಂದ ನನ್ನನ್ನು ಸಾಕಿದವಳು. ಅಮ್ಮ ಮೂರನೇ ಹಂತ ಏರಿದ ಮೇಲೆ ಅವಳ ಮನೆಗೆ ನೀರು ಹೊತ್ತವಳೂ ಅಕ್ಕನೇ. ಅಮ್ಮನಿಗೆ ಮೆಟ್ಟಿಲು ತಪ್ಪಿದಾಗ ಪದ್ಧತಿಯಂತೆ ಹಿರಿಯ ಮಗಳು ಕೈ ಹಿಡಿದು ಮೋರಿಯವರೆಗೆ ಕರೆದೊಯ್ದಳು. 'ಈ ಸ್ವತ್ತು ಮಾರಾಟಕ್ಕಿಲ್ಲ' ಎಂಬ ಮಂತ್ರವನ್ನು ಮೂರು ಸಲ ಹೇಳಿ ಕೈ ಬಿಟ್ಟಳು. ಅದು ಕಾಲುವೆಯ ಆಚೆ ಒಂದು ಕಲ್ಲಿಗೆ ಒರಗಿದ ಬೋರ್ಡಿನ ಮೇಲಿನ ಮಾತು; ಹೋಗುವವರಿಗೆ ಧೈರ್ಯ ತುಂಬಲು ಹೇಳುತ್ತೇವೆ. ಅಮ್ಮ ಒಂದು ಚಾಪೆ, ಒಂದು ಚೊಂಬು ಹಿಡಿದುಕೊಂಡು ಹೋದಳು. ಮುಂದೆ ಹೋಗಿ ಯಾವ ಕಲ್ಲಿನ ಹತ್ತಿರ ನಿಲ್ಲಬೇಕೆಂದು ತಿಳಿಯದೆ ಸುತ್ತ ನೋಡಿದಳು. ಅಲ್ಲಿಗೆ ನಾವು ಬೆನ್ನು ತಿರುಗಿಸಬೇಕು.

ನಾಲ್ಕನೇ ಹಂತದವರಿಗೆ ಹಸಿವಿಲ್ಲ ಎನ್ನುತ್ತಾರೆ. ಆದರೂ ಮೋರಿಯ ಕಟ್ಟೆಯ ಮೇಲೆ ಕಾಗೆಗೆ ಎಲೆ ಇಡುವ ರೂಢಿಯಿದೆ. ಬಾಳೆ ಎಲೆ, ಅನ್ನ, ಏನಾದರೊಂದು ಪಲ್ಯ. ಇಟ್ಟು ಬಂದುಬಿಡಬೇಕು, ತಿರುಗಿ ನೋಡಬಾರದು. ಸಂಜೆಗೆ ಹೋದರೆ ಎಲೆ ಮಡಿಸಿರುತ್ತದೆ. ಉಂಡ ಮೇಲೆ ಮೇಲಿನ ಅಂಚನ್ನು ತಮ್ಮ ಕಡೆಗೆ ಮಡಿಸುತ್ತೇವಲ್ಲ, ಹಾಗೆ, ಅಚ್ಚುಕಟ್ಟಾಗಿ. ಕಾಗೆ ಎಲೆ ಮಡಿಸುವುದಿಲ್ಲ. ಇದು ಬಡಾವಣೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಅಕ್ಕ ಒಂದು ಮಳೆಗಾಲ ಪೂರ್ತಿ ಎಲೆ ಇಟ್ಟಳು. ಚಳಿ ಶುರುವಾದ ಮೇಲೊಂದು ದಿನ ಕಟ್ಟೆಯಿಂದ ಬಂದು ಕಾಲು ತೊಳೆದುಕೊಂಡು, ನನ್ನ ಮುಖ ನೋಡದೆ ಹೇಳಿದಳು:

"ಇವತ್ತು ಕಾಗೆ ಬಂದಿತ್ತು ಕಣೋ."

ಅಷ್ಟೇ. ಅನ್ನ ಚೆಲ್ಲಾಪಿಲ್ಲಿಯಾಗಿತ್ತು, ಎಲೆ ಹರಿದಿತ್ತು, ಮಡಿಸಿರಲಿಲ್ಲ. ಮರುದಿನದಿಂದ ಅವಳು ಹೋಗಲಿಲ್ಲ. ಆಮೇಲೆ ಅವಳಿಗೂ ನರೆ ಬಂದು ಅಮ್ಮನಿದ್ದ ಮನೆಗೇ ಹಂತಾಂತರವಾಯಿತು. ಆ ಮನೆಯ ಬಾಲ್ಕನಿ ನಾಲ್ಕನೇ ಹಂತದ ಕಡೆಗಿದೆ. ಅಕ್ಕ ಆ ಕಡೆ ಬಟ್ಟೆ ಒಣಹಾಕಿದ್ದನ್ನು ನಾನು ನೋಡಿಲ್ಲ. ಬಾಗಿಲಿಗೆ ಅಡ್ಡಲಾಗಿ ಅಕ್ಕಿಯ ಡ್ರಮ್ಮು ಇಟ್ಟಿದ್ದಾಳೆ.

ಈಗ ನಾನು ಈ ವರ್ಷ ಕಂಡದ್ದು. ಬೋರ್ಡಿನ ಹಳೆಯ ಬಣ್ಣವನ್ನು ನಾವು ಕೆರೆಯುವುದಿಲ್ಲ; ಅಕ್ಷರ ಇದ್ದಲ್ಲೇ ಮತ್ತೆ ಅಕ್ಷರ ತೀಡುತ್ತೇವೆ. ಆದರೆ ಎರಡನೇ ಹಂತದ ಬೋರ್ಡು ತುಕ್ಕಿನಿಂದ ಉಬ್ಬಿಹೋಗಿತ್ತು. ಕೆರೆಯದೆ ದಾರಿಯಿರಲಿಲ್ಲ. ನಮ್ಮ ಪದರಗಳೆಲ್ಲ ಈರುಳ್ಳಿ ಸಿಪ್ಪೆಯಂತೆ ಬಿಟ್ಟುಕೊಂಡವು. ಎಲ್ಲಕ್ಕಿಂತ ಕೆಳಗೆ, ನಿಮ್ಮ ಕೈಯ ಪದರದಲ್ಲಿ, 'ಎರಡನೇ ಹಂತ' ಎಂಬುದರ ಹಿಂದೆ ಇನ್ನೊಂದು ಪದದಷ್ಟು ಜಾಗ, ಆ ಜಾಗದ ಮೇಲೆ ಒಂದೇ ಎಳೆತದ ಬಿಳಿ ಬಣ್ಣ. ಬಿಳಿಯನ್ನು ಉಗುರಿನಲ್ಲಿ ಕೆರೆದೆ. ಮೊದಲು 'ಉ' ಬಂತು. ಆಮೇಲೆ ಪೂರ್ತಿ ಪದ. ಉದ್ದೇಶಿತ ಎರಡನೇ ಹಂತ.

ಮೂರನೇ ಹಂತದ ಬೋರ್ಡನ್ನು ಇಳಿಸಿ ತಂದು ಕೆರೆದೆ. ಅಲ್ಲೂ ಅದೇ ಪದ, ಅದರ ಮೇಲೆ ಅದೇ ಬಿಳಿ.

ನಾನು ನಿಧಾನವಾಗಿ ಯೋಚಿಸುವವನು. ಬಣ್ಣದ ಡಬ್ಬಿಯ ಪಕ್ಕ ಬಹಳ ಹೊತ್ತು ಕೂತಿದ್ದೆ. ಎರಡನೇ ಹಂತ ಒಂದು ಕಾಲಕ್ಕೆ ಉದ್ದೇಶಿತವಾಗಿತ್ತು; ಆಮೇಲೆ ನೀವೇ ಆ ಪದವನ್ನು ಅಳಿಸಿದಿರಿ. ಯಾವಾಗ ಅಳಿಸುತ್ತೀರಿ? ಮನೆ ಎದ್ದಾಗ. ಹಾಗಾದರೆ ಆ ಪದದ ಅರ್ಥ ಬದುಕಿನ ಉದ್ದೇಶ ಎಂದಲ್ಲ. ಕಟ್ಟಬೇಕೆಂದುಕೊಂಡಿದ್ದೇವೆ, ಇನ್ನೂ ಕಟ್ಟಿಲ್ಲ, ಎಂದು. ನಾಲ್ಕನೆಯದರ ಮೇಲೆ ಅದು ಹಾಗೇ ಉಳಿಯಿತು, ಏಕೆಂದರೆ ಅಲ್ಲಿ ನೀವು ಏನನ್ನೂ ಕಟ್ಟಲಿಲ್ಲ. ವ್ಯಾಜ್ಯವೋ, ಜಗಳವೋ, ದುಡ್ಡು ಮುಗಿಯಿತೋ. ಕಲ್ಲು ನೆಟ್ಟಿರಿ, ಅಂಕಿ ಬರೆದಿರಿ, ಹೋದಿರಿ. ಆ ಖಾಲಿ ಜಾಗಕ್ಕೆ ನಾವು ನಮ್ಮ ತಾಯಂದಿರನ್ನು ಕಳಿಸುತ್ತಿದ್ದೇವೆ.

ನಮ್ಮ ಕ್ರಾಸಿನ ಮೂಲೆಮನೆಯಲ್ಲಿರುವುದು ಶಿವನಂಜಪ್ಪ ಮತ್ತು ಅವನ ಹೆಂಡತಿ ದೇವೀರಮ್ಮ. ಕೆಟ್ಟವರಲ್ಲ. ನಾನು ಬೋರ್ಡನ್ನೇ ಹೊತ್ತುಕೊಂಡು ಹೋಗಿ ಅವರ ಜಗಲಿಗೆ ಒರಗಿಸಿ ತೋರಿಸಿದೆ. ಶಿವನಂಜಪ್ಪ ಆ ಪದದ ಮೇಲೆ ಬೆರಳಾಡಿಸಿದ. ಅವನಿಗೆ ಅರ್ಥವಾಗಲು ನನ್ನಷ್ಟು ಹೊತ್ತು ಬೇಕಾಗಲಿಲ್ಲ.

"ಯಾರಿಗಾರ ತೋರಿಸ್ದಾ ಇದ?"

ಇಲ್ಲ ಎಂದೆ.

"ಸರಿ ಕಣಪ್ಪ ಮಾದೇವ. ನೀ ಹೇಳಿದ್ದೇ ದಿಟ ಅಂತ ಇಟ್ಕೋ. ಆ ಕಡೆ ಮನೆ ಇಲ್ಲ. ಈ ಕಡೆ ಐತಾ? ಮೂರನೇ ಹಂತದಾಗೆ ಒಂದು ಖಾಲಿ ಬಾಗ್ಲು ತೋರ್ಸು ನಂಗೆ. ಎರಡನೇ ಹಂತದಾಗೆ ಮದ್ವೆ ಆಗಿರೋ ಹೈಕ್ಳು ಅತ್ತೆ ಮಾವನ ಅಡುಗೆಮನೇಲಿ ಮಲಗ್ತಾವೆ. ಯಾರೂ ಆ ಕಡೆ ಹೋಗ್ಲಿಲ್ಲ ಅಂದ್ರೆ ಯಾರೂ ಈ ಕಡೆ ಏರಂಗಿಲ್ಲ."

"ಅಲ್ಲಿ ಕಟ್ಟಬಹುದಲ್ಲ," ಎಂದೆ.

"ಅತಿಕ್ರಮ ಪ್ರವೇಶ ಆಯ್ತದೆ."

"ಯಾರು ಶಿಕ್ಷಿಸ್ತಾರೆ?"

"ಶಿಕ್ಷಿಸಲಾಗುವುದು," ಎಂದ ಶಿವನಂಜಪ್ಪ. ಹೇಳಿದ ಮೇಲೆ ಅವನಿಗೇ ಸ್ವಲ್ಪ ನಗು ಬಂತು. ಆದರೆ ನಗಲಿಲ್ಲ.

ದೇವೀರಮ್ಮ ಅಷ್ಟು ಹೊತ್ತೂ ಅವರೆಕಾಯಿ ಸುಲಿಯುತ್ತಿದ್ದಳು. ತಲೆಯೆತ್ತದೆ ಕೇಳಿದಳು:

"ಚೆಲುವಕ್ಕನ ಮನೆಗೆ ಮುಂದೆ ಯಾರು ಏರ್ಬೇಕು, ಗೊತ್ತೇನಪ್ಪ ನಿಂಗೆ?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ನೀನೇ. ಕಿವಿ ಮ್ಯಾಲೆ ನರೆ ಬಂದದೆ, ಕನ್ನಡಿ ನೋಡ್ಕೊಂಡಿಲ್ವಾ? ನಿನ್ ಹೆಂಡ್ತಿ ಬಂದು ಆ ಮನೆ ಅಡುಗೆ ಕಟ್ಟೆ ಅಳತೆ ತಗೊಂಡು ಹೋದ್ಲು. ಅವಳನ್ನ ಬೈಬೇಡ. ಅವಳ ಸೊಸೆಗೆ ದಿನ ತುಂಬ್ತಾ ಅದೆ, ಎಲ್ಲಿ ಮಲಗ್ಸದು?"

ನನ್ನ ಮನೆಯಲ್ಲಿ ಅಳತೆಯ ದಾರ ಮೊಳೆಗೆ ತೂಗಿದ್ದನ್ನು ನಾನು ನೋಡಿದ್ದೆ. ಯಾವುದರ ಅಳತೆ ಎಂದು ಕೇಳಿರಲಿಲ್ಲ.

ಎದ್ದು ಹೊರಟಾಗ ಶಿವನಂಜಪ್ಪ ಬೋರ್ಡಿನ ಒಂದು ತುದಿ ಹಿಡಿದು ನನ್ನ ತಲೆಯ ಮೇಲೆ ಹೊರಿಸಿದ. "ನೀ ಬಣ್ಣ ಬಳ್ಯೋನು. ಬಣ್ಣ ಬಳಿ," ಎಂದ. ಬೆದರಿಕೆಯಲ್ಲ. ನನ್ನಿಂದ ಏನೋ ಬೇಡುವವನಂತೆ ಹೇಳಿದ.

ಅಲ್ಲಿಂದ ನೇರ ಮೂರನೇ ಹಂತಕ್ಕೆ ಹೋದೆ. ಅಕ್ಕ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ಬರುವವರಿಗೆ ಮನೆ ಶುದ್ಧವಾಗಿ ಬಿಟ್ಟುಕೊಡುವುದು ಪದ್ಧತಿ. ನಾನು ನಿಂತೇ ಹೇಳಿದೆ, ಎಲ್ಲವನ್ನೂ, ಬಿಳಿ ಬಣ್ಣದ ಕೆಳಗಿನ ಪದವನ್ನೂ. ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. ಹಿತ್ತಾಳೆ ಚೊಂಬು ಹೊಳೆಯತೊಡಗಿತು, ಇನ್ನೂ ತಿಕ್ಕಿದಳು.

"ಅಂದ್ರೆ ಅಲ್ಲಿ ಏನೂ ಇಲ್ಲ ಅಂತೀಯ."

"ಏನೂ ಇಲ್ಲ ಅಕ್ಕ. ಖಾಲಿ ಸೈಟು."

"ಹಾಗಾದ್ರೆ ಅಮ್ಮನ್ನ ಎಲ್ಲಿಗೆ ಕಳಿಸ್ದೆ ನಾನು?"

ಇದಕ್ಕೆ ಉತ್ತರ ನಿಮ್ಮಲ್ಲಿದ್ದರೆ ಹೇಳಿ. ಅಕ್ಕ ಚೊಂಬಿಗೆ ನೀರು ಹೊಯ್ದು ತೊಳೆದಳು. ಆಮೇಲೆ ನನಗೊಂದು ದಾರಿ ಮಾಡಿಕೊಡುವವಳಂತೆ ತಾನೇ ಮಾತು ತಿರುಗಿಸಿದಳು.

"ನೀನು ಓದಿದ್ದು ತಪ್ಪಿರುತ್ತೆ. ಚಿಕ್ಕವನಿದ್ದಾಗ್ಲೂ ಹಾಗೇ, ಒತ್ತಕ್ಷರ ಕಂಡ್ರೆ ಎಡವೋನು. ಆ 'ದ್ದೇ' ಚೆನ್ನಾಗಿ ತೀಡು ಈ ಸಲ. ಹೋದ ವರ್ಷ ದೂರದಿಂದ ನೋಡಿದ್ರೆ 'ಡ್ಡೆ' ಥರ ಕಾಣ್ತಿತ್ತು."

"ಅಕ್ಕ, ಹೋಗ್ಬೇಡ."

"ಹೋಗ್ದೆ? ನಾನು ಹೋಗ್ಲಿಲ್ಲ ಅಂದ್ರೆ ಅಮ್ಮ ಸುಮ್‌ಸುಮ್ನೆ ಹೋದ ಹಾಗಾಗುತ್ತಲ್ಲೋ." ಚೊಂಬನ್ನು ಬೋರಲು ಹಾಕಿದಳು. "ಅಡುಗೆಮನೆ ಕಿಟಕಿ ಸರಿಯಾಗಿ ಮುಚ್ಚಲ್ಲ. ನೀವು ಬಂದ್ಮೇಲೆ ಸರಿ ಮಾಡಿಸ್ಕೊಳ್ಳಿ. ಸೊಸೆ ಬಾಣಂತನಕ್ಕೆ ಗಾಳಿ ಆಗಲ್ಲ."

ಬಾಗಿಲವರೆಗೆ ಬಂದಳು. ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿ ಹೇಳಿದಳು, ತೀರ ಹಗುರವಾದ ದನಿಯಲ್ಲಿ:

"ಎಲೆ ಇಡ್ತೀಯಲ್ಲ? ಉಪ್ಪಿನಕಾಯಿ ಮರೀಬೇಡ. ನಮ್ಮ ಕಡೆ ಕಾಗೆಗೆ ಉಪ್ಪಿನಕಾಯಿ ಬೇಕು."

ಕೆಳಗಿನ ಅಂತಸ್ತಿನಲ್ಲಿ ಇಬ್ಬರು ಮುದುಕಿಯರು ಕೊಡ ಹಿಡಿದು ನಿಂತಿದ್ದರು. ಬದನೆಕಾಯಿ ಹುಳಿಯ ಮಾತು ನಡೆದಿತ್ತು. ನಾನು ಹಾದುಹೋಗುವಾಗ ಇಬ್ಬರೂ ದನಿ ಏರಿಸಿದರು. ಒಬ್ಬಳ ಮೇಲ್ದುಟಿಯ ಮೇಲೆ ಬೆವರಿತ್ತು. ಅವರಿಗೆ ಹೇಳಬೇಕಿತ್ತೇ? ಹೇಳಿದರೆ ಅವರೂ ತಮ್ಮ ತಮ್ಮ ಅಮ್ಮಂದಿರನ್ನು ನೆನೆಯುತ್ತಾರೆ. ಈ ಬಡಾವಣೆಯಲ್ಲಿ ಕೈ ಬಿಡದವರು ಯಾರೂ ಇಲ್ಲ. ಸತ್ಯ ತಿಳಿದರೆ ಬಿಡುಗಡೆಯಾಗುತ್ತದೆ ಎಂದು ನಿಮ್ಮ ಕಾಲದವರು ನಂಬಿದ್ದರೇನೋ. ಇಲ್ಲಿ ಅದು ಎಲ್ಲರ ಮಡಿಲಿಗೂ ಒಂದೊಂದು ಹೆಣ ತಂದು ಮಲಗಿಸುತ್ತದೆ. ಆದ್ದರಿಂದ ಶಿವನಂಜಪ್ಪ ಬೇಡಿದ್ದು ನನಗೆ ಅರ್ಥವಾಗುತ್ತದೆ. ಒಪ್ಪಿಗೆಯಾಗುವುದಿಲ್ಲ.

ನಿನ್ನೆ ಮಧ್ಯಾಹ್ನ ಬೋರ್ಡಿನ ಮುಖಕ್ಕೆ ಬಣ್ಣ ಹೊಡೆದು ಮುಗಿಸಿದೆ. 'ನಾಲ್ಕನೇ ಹಂತ' ಎಂದು ತೀಡಿದೆ. ಅದರ ಹಿಂದಿನ ಪದದ ಮೇಲೆ, ನೀವು ಮಾಡುತ್ತಿದ್ದ ಹಾಗೆಯೇ, ಒಂದೇ ಎಳೆತದಲ್ಲಿ ಬಿಳಿ ಹಚ್ಚಿದೆ. ನಿಮ್ಮ ಲಿಪಿಯಲ್ಲಿ ಈಗ ಅದರ ಅರ್ಥ, ಅಲ್ಲಿ ಮನೆ ಎದ್ದಿದೆ. ಅದು ಸುಳ್ಳು. ಬೋರ್ಡು ಬರೆಯುವವನು ಸುಳ್ಳು ಬರೆದರೆ ಅದನ್ನು ನಿಜ ಮಾಡುವ ಕೆಲಸವೂ ಅವನದೇ ಆಗುತ್ತದೆ.

ಅದಕ್ಕೆ ಹೀಗೆ ಮಾಡಬೇಕೆಂದಿದ್ದೇನೆ. ಅಕ್ಕನಿಗೆ ಮಕ್ಕಳಿಲ್ಲದ್ದರಿಂದ ನಾಳೆ ಬೆಳಿಗ್ಗೆ ಅವಳ ಕೈ ಹಿಡಿದು ಮೋರಿಯವರೆಗೆ ಹೋಗುವವನು ತಮ್ಮನಾದ ನಾನು. ಮಂತ್ರ ಹೇಳುತ್ತೇನೆ. ಕೈ ಬಿಡುವುದಿಲ್ಲ. ಅವಳೊಂದಿಗೆ ದಾಟುತ್ತೇನೆ. ಹೆಗಲಿನ ಚೀಲದಲ್ಲಿ ಮಡಕೆಯೊಳಗೆ ಬೂದಿ ಮುಚ್ಚಿದ ಕೆಂಡ, ಕುಡಿಕೆಯಲ್ಲಿ ಮೇಕೆ ಹಾಲು, ಒಂದು ಪಾತ್ರೆ ಇರುತ್ತದೆ. ಒಲೆಗೆ ಕಲ್ಲನ್ನು ಹುಡುಕಬೇಕಾಗಿಲ್ಲ. ನೀವು ಬೇಕಾದಷ್ಟು ನೆಟ್ಟಿದ್ದೀರಿ. ಮೂರನೇ ಹಂತದ ಬಾಲ್ಕನಿಗಳಿಂದ ಹೊಗೆ ಕಾಣಲಿ. ಆ ಮೇಲೆ ಯಾರು ಶಿಕ್ಷಿಸುತ್ತಾರೋ ಅವರು ಹೆಸರು ಹೇಳಿಕೊಂಡು ಬರಬೇಕಾಗುತ್ತದೆ. ಬರುವವನು ಶಿವನಂಜಪ್ಪನೇ ಆಗಿದ್ದರೂ ಆಗಬಹುದು. ಇದನ್ನು ಅಕ್ಕನಿಗೆ ಹೇಳಿಲ್ಲ. ಹೇಳಿದರೆ ಅವಳು ಈಗಲೇ ಒಬ್ಬಳೇ ಹೋಗಿಬಿಡುತ್ತಾಳೆ. ಹೆಂಡತಿಗೆ ಹೇಳಿದ್ದೇನೆ. ಅವಳು ಬಹಳ ಹೊತ್ತು ಮೊಳೆಯ ಮೇಲಿನ ದಾರವನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಹೋಗಿ ಮೇಕೆಯ ಹಾಲು ಕರೆದು ತಂದಳು.

ಭಯವಿದೆ. ಶಿಕ್ಷೆಯದಲ್ಲ, ಗಾಳಿಯದು. ನಾಲ್ಕನೇ ಹಂತದಲ್ಲಿ ಮರೆಯೆಂಬುದು ಇಲ್ಲ, ಬೆಳಗಿನ ಹೊತ್ತು ಕಾಲುವೆಗುಂಟ ಜೋರು ಗಾಳಿ ಬೀಸುತ್ತದೆ. ಬಯಲಲ್ಲಿ ಹೂಡಿದ ಒಲೆ ಹಾಲು ಉಕ್ಕುವ ಮೊದಲೇ ಆರಿಹೋದರೆ ಅದು ಮನೆಯಾಗುವುದಿಲ್ಲ. ಅಕ್ಕನ ಕಣ್ಣೆದುರಿಗೇ ಆರಿದರೆ, ಅವಳು ನನ್ನ ಕಡೆ ತಿರುಗಿ ಅಮ್ಮನ ಬಗ್ಗೆ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾಳೆ ಎಂದು ನನಗೆ ಗೊತ್ತು.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಆ ಕಲ್ಲುಗಳಲ್ಲಿ ಯಾವುದೋ ಒಂದರ ಅಂಕಿ ನಿಮ್ಮದು. ನಿಮ್ಮ ಹೆಸರು ಚೀಟಿಯಲ್ಲಿ ಬಂದ ದಿನ ನೀವು ಸಿಹಿ ಹಂಚಿರಬೇಕು. ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ, ಗಿಡಗಂಟಿ ಸರಿಸಿ, ಇಲ್ಲಿ ನಡುಮನೆ, ಇಲ್ಲಿ ದೇವರ ಮನೆ ಎಂದು ಬರೀ ನೆಲದ ಮೇಲೆ ಕಾಲಿನಿಂದ ಗೀಟೆಳೆದು ತೋರಿಸುತ್ತೀರಿ. ಮನೆ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ನಿಮ್ಮ ತೊಂದರೆ ಏನಿದೆಯೋ. ಮುಂದಿನ ಸಲ ಹೋದಾಗ ನಾಲ್ಕು ಕಲ್ಲು ಎತ್ತಿಟ್ಟು ಒಂದು ಮೋಟು ಗೋಡೆ ಎಬ್ಬಿಸಿ. ಸೊಂಟದೆತ್ತರ ಸಾಕು. ಒಂದು ಒಲೆಗೆ ಮರೆಯಾಗುವಷ್ಟು, ಮಂಡಿನೋವಿನ ಹೆಂಗಸೊಬ್ಬಳು ಬೆನ್ನು ಒರಗಿಸುವಷ್ಟು. ಬೋರ್ಡು ಬೇಡ.

ನಾನು ನಿಮಗಿಂತ ಮುಂದಿನ ಕಾಲದವನು. ನೀವು ಅದನ್ನು ಕಟ್ಟಿದ್ದರೆ ನನಗೆ ಈಗಾಗಲೇ ಕಾಣಬೇಕಿತ್ತು ಎಂಬುದು ನನಗೂ ಹೊಳೆದಿದೆ. ನಿನ್ನೆ ಅಕ್ಕ ನೀರು ತರಲು ಕೆಳಗಿಳಿದಾಗ ಅಕ್ಕಿಯ ಡ್ರಮ್ಮು ಸರಿಸಿ, ಬಾಲ್ಕನಿಯ ಬಾಗಿಲು ತೆರೆದು ನೋಡಿದೆ. ಗೋಡೆ ಕಾಣಲಿಲ್ಲ. ಆದರೆ ಜಾಲಿ ಆಳೆತ್ತರ ಬೆಳೆದಿದೆ. ಸೊಂಟದೆತ್ತರದ ಗೋಡೆ ಅದರ ಹಿಂದೆ ಎಲ್ಲಾದರೂ ಇದ್ದರೂ ಈಚೆಯಿಂದ ಕಾಣುವುದಿಲ್ಲ.

ಬಣ್ಣ ಒಣಗುತ್ತಿದೆ. ಬೋರ್ಡು ನೆಟ್ಟ ಮೇಲೆ ಅದರ ಮುಖ ಬಡಾವಣೆಯ ಕಡೆಗಿರುತ್ತದೆ, ನಾನು ಬರೆದ ಈ ಬೆನ್ನು ನಾಲ್ಕನೇ ಹಂತದ ಕಡೆಗೆ. ನಿಮ್ಮನ್ನು ಬಿಟ್ಟರೆ ಇದನ್ನು ಓದಬಲ್ಲವರು ಅಲ್ಲಿಗೆ ದಾಟಿದವರು ಮಾತ್ರ.

ಹಾಲು ತಂದಿದ್ದೇನೆ, ಕೆಂಡ ತಂದಿದ್ದೇನೆ. ಗೋಡೆ ನಿಮ್ಮದು.

ಮಾದೇವ